ಸರಕಿನೊಡನೆ ಬಂದ ಓಲೆ: ಯೆಹೂದಿ ತತ್ತ್ವಚಿಂತನೆ, ಮಂಗಳೂರು ಮತ್ತು ವಿದ್ವಾಂಸನ ವೃತ್ತಿ

ಹನ್ನೆರಡನೆಯ ಶತಮಾನದ ಯೆಹೂದಿ ತತ್ತ್ವಚಿಂತನೆಯ ಎರಡು ಪ್ರಧಾನ ಗ್ರಂಥಗಳಾದ ಯೆಹೂದ ಹಲೇವಿಯ ‘ಕುಜಾರಿ’ ಮತ್ತು ಮೋಸೆಸ್ ಮೈಮೊನಿಡೀಸನ ‘ಸಂದಿಗ್ಧರ ಮಾರ್ಗದರ್ಶಿ’ಗಳಲ್ಲಿ ಮೊದಲನೆಯದು ಸ್ಪೇನಿನಲ್ಲಿಯೂ ಎರಡನೆಯದು ಈಜಿಪ್ಟಿನಲ್ಲಿಯೂ ರಚಿತವಾದವು. ಆದರೆ ಈ ಇಬ್ಬರು ಲೇಖಕರ ಬದುಕನ್ನು ಹತ್ತಿರದಿಂದ ನೋಡಿದರೆ, ಭಾರತದ ಪಶ್ಚಿಮ ಕರಾವಳಿಗೆ ಹೋಗಿಬರುತ್ತಿದ್ದ ವರ್ತಕರ ಲೋಕ ಅವರ ಮನೆಯಂಗಳದವರೆಗೂ ಹರಡಿದ್ದುದು ಕಾಣುತ್ತದೆ. ಹಲೇವಿಯ ಆಪ್ತಮಿತ್ರನಾದ ಹಲ್ಫೋನ್ ಬೆನ್ ನೆತನೇಲ್ ಭಾರತದೊಡನೆ ವ್ಯಾಪಾರ ಮಾಡುತ್ತಿದ್ದವನು. ಮೈಮೊನಿಡೀಸನ ತಮ್ಮ ದಾವೀದ್ ಭಾರತದ ಸಮುದ್ರದಲ್ಲಿ ಮುಳುಗಿ ಸತ್ತವನು. ಇವರ ಕಾಲದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ವಿದ್ಯಾವಂತ ವರ್ತಕ ಮಂಗಳೂರಿನಲ್ಲಿ ನೆಲೆಸಿ ತಾಮ್ರ-ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಈ ಸಂಗತಿಗಳು ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಹರಿದ ಕಾಗದದ ಚೂರುಗಳನ್ನು ಓದುವುದನ್ನೇ ಜೀವನದ ವೃತ್ತಿಯಾಗಿ ಮಾಡಿಕೊಂಡ ಅಧ್ಯಾಪಕರಿಂದ. ಆದ್ದರಿಂದ ಕನ್ನಡ ನಾಡಿಗೂ ಯೆಹೂದಿ ಚಿಂತನೆಗೂ ಇರುವ ನಂಟಿನ ಇತಿಹಾಸವು ವಿದ್ವಾಂಸನ ವೃತ್ತಿಯ ಇತಿಹಾಸವೂ ಆಗಿದೆ.

ಮಂಗಳೂರಿನ ವರ್ತಕ

ಬೆನ್ ಯಿಜು ಉತ್ತರ ಆಫ್ರಿಕದ ಮಹದಿಯಾ ಪಟ್ಟಣದವನು; ಅದು ಇಂದಿನ ಟ್ಯುನೀಸಿಯಾದಲ್ಲಿದೆ. ಅವನು 1132ರಿಂದ 1149ರವರೆಗಿನ ಬಹುಭಾಗವನ್ನು ತುಳುನಾಡು ಮತ್ತು ಮಲಬಾರಿನ ಕರಾವಳಿಯಲ್ಲಿ, ಮುಖ್ಯವಾಗಿ ಅರಬರು ‘ಮಂಜರೂರ್’ ಎಂದು ಕರೆಯುತ್ತಿದ್ದ ಮಂಗಳೂರಿನಲ್ಲಿ ಕಳೆದ. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ತುಳುವ ದಾಸಿಯನ್ನು ಬಿಡುಗಡೆ ಮಾಡಿ, ಅವಳಿಗೆ ಆಶೀರ್ವಾದ ಎಂಬ ಅರ್ಥದ ‘ಬೆರಾಖಾ’ ಎಂಬ ಹೀಬ್ರೂ ಹೆಸರು ಕೊಟ್ಟ ಪತ್ರ ಉಳಿದುಬಂದಿದೆ. ಮುಂದೆ ಅವಳನ್ನೇ ಮದುವೆಯಾಗಿ ಅವಳಿಂದ ಮಕ್ಕಳನ್ನು ಪಡೆದನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಅವನ ವ್ಯವಹಾರದ ಕ್ರಮವನ್ನು ಏಡನ್ ಬಂದರಿನಿಂದ ಬಂದ ಪತ್ರಗಳು ವಿವರವಾಗಿ ತೋರಿಸುತ್ತವೆ. ಮದ್ಮೂನ್ ಬೆನ್ ಹಸನ್, ಖಲಾಫ್ ಬೆನ್ ಇಸಾಕ್ ಮತ್ತು ಜೋಸೆಫ್ ಬೆನ್ ಅಬ್ರಹಾಂ ಎಂಬ ಮೂವರು ಅಲ್ಲಿ ಅವನ ಪಾಲುದಾರರಾಗಿದ್ದರು. ಅವರು ತಾಮ್ರ, ಸೀಸ ಮತ್ತು ಒಡೆದ ಹಳೆಯ ಪಾತ್ರೆಗಳನ್ನು ಹಡಗಿಗೆ ಹೇರಿ ಕಳುಹಿಸಿದರೆ, ಮಂಗಳೂರಿನಲ್ಲಿ ಅವು ಕರಗಿ, ಅವರು ಹೇಳಿದ ಅಳತೆಯ ಹೂಜಿ, ಬೋಗುಣಿ, ತಟ್ಟೆಗಳಾಗಿ ಮರಳುತ್ತಿದ್ದವು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ ಮತ್ತು ನಾನಾ ಬಗೆಯ ಕಬ್ಬಿಣ ಏಡನ್ನಿಗೆ ಹೋಗುತ್ತಿದ್ದವು. ಕಬ್ಬಿಣದ ಈ ಬೇಡಿಕೆಯನ್ನು ನೋಡಿದಾಗ, ಒಳನಾಡಿನಲ್ಲಿ ಅದಿರು ಕರಗಿಸುವ ಕಸುಬು ದೀರ್ಘಕಾಲ ಜೀವಂತವಾಗಿದ್ದುದನ್ನು ನೆನೆಯಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಭಾಗದ ಕಬ್ಬಿಣದ ಕುಲುಮೆಗಳನ್ನು ವಿವರಿಸಿದ್ದಾನೆ.

ಸರಕಿನ ಜೊತೆಗೆ ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿ, ಬಾದಾಮಿಗಳನ್ನೂ, ಅವೆಲ್ಲಕ್ಕಿಂತ ಬೆಲೆಬಾಳುವ ಈಜಿಪ್ಟಿನ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ತಾಳೆಗರಿಯ ಮೇಲೆ ಬರೆಯುತ್ತಿದ್ದ ಕರಾವಳಿಯಲ್ಲಿ ಕಾಗದ ಸಿಗುವುದು ಕಷ್ಟವಾದ್ದರಿಂದ, ಬೆನ್ ಯಿಜು ತನಗೆ ಬಂದ ಪತ್ರಗಳ ಹಿಂಬದಿಯನ್ನೂ ಅಂಚನ್ನೂ ಬಿಡದೆ ಬಳಸಿದ್ದಾನೆ. ಒಂದು ಕಡೆ ಮೆಣಸಿನ ಲೆಕ್ಕವಿದ್ದರೆ ಇನ್ನೊಂದು ಕಡೆ ಧರ್ಮಶಾಸ್ತ್ರದ ಪ್ರಶ್ನೆಗೆ ಉತ್ತರ, ಮತ್ತೊಂದು ಕಡೆ ಅವನೇ ಕಟ್ಟಿದ ಹೀಬ್ರೂ ಪದ್ಯ ಇರುತ್ತವೆ. ವ್ಯಾಪಾರ ಮತ್ತು ವಿದ್ಯೆ ಎರಡೂ ಒಂದೇ ಹಾಳೆಯ ಎರಡು ಮೈಗಳಾಗಿದ್ದ ಬದುಕು ಅದು.

ಭಾರತದ ರಾಜನ ದೃಷ್ಟಾಂತ

ಹಲೇವಿ ಸುಮಾರು 1140ರ ಹೊತ್ತಿಗೆ ಮುಗಿಸಿದ ‘ಕುಜಾರಿ’ ಸಂವಾದರೂಪದ ಗ್ರಂಥ. ಖಜರ್ ಎಂಬ ಜನಾಂಗದ ರಾಜನೊಬ್ಬ ಸತ್ಯಧರ್ಮವನ್ನು ಅರಸುತ್ತ ಒಬ್ಬ ತತ್ತ್ವಜ್ಞಾನಿಯನ್ನೂ, ಒಬ್ಬ ಕ್ರೈಸ್ತನನ್ನೂ, ಒಬ್ಬ ಮುಸ್ಲಿಮನನ್ನೂ, ಕೊನೆಗೆ ಒಬ್ಬ ಯೆಹೂದಿ ಪಂಡಿತನನ್ನೂ ಪ್ರಶ್ನಿಸುವುದು ಅದರ ಚೌಕಟ್ಟು. ಆ ಪಂಡಿತ ತನ್ನ ವಾದವನ್ನು ಆರಂಭಿಸುವ ಕಡೆಯಲ್ಲಿಯೇ ಭಾರತದ ರಾಜನ ದೃಷ್ಟಾಂತ ಬರುತ್ತದೆ. ಭಾರತದ ಪ್ರಜೆಗಳು ನ್ಯಾಯವಂತರಾಗಿರುವುದರಿಂದ ಅವರ ರಾಜನೂ ಪೂಜ್ಯನೆಂದು ಯಾರಾದರೂ ಹೇಳಿದರೆ ನಂಬಬಹುದೇ ಎಂದು ಪಂಡಿತ ಕೇಳುತ್ತಾನೆ. ಅಲ್ಲಿ ರಾಜನಿದ್ದಾನೆಂಬುದೇ ಖಚಿತವಿಲ್ಲದಿರುವಾಗ, ಪ್ರಜೆಗಳ ನಡತೆ ಅವರದೇ ಗುಣದಿಂದ ಬಂದದ್ದೋ ರಾಜನಿಂದ ಬಂದದ್ದೋ ತಿಳಿಯದೆ ಹೇಗೆ ನಂಬುವುದೆಂದು ಖಜರ್ ರಾಜ ಮರುನುಡಿಯುತ್ತಾನೆ. ಹಾಗಾದರೆ ಭಾರತದ ಅರಮನೆಯಲ್ಲಿ ಮಾತ್ರ ದೊರಕುವ ಕಾಣಿಕೆಗಳನ್ನೂ, ರೋಗ ವಾಸಿಮಾಡುವ ಔಷಧಗಳನ್ನೂ, ರಾಜನ ಸ್ಪಷ್ಟವಾದ ಓಲೆಯನ್ನೂ ಹಿಡಿದು ದೂತರು ಬಂದರೆ ಏನೆನ್ನುತ್ತೀಯೆಂದು ಪಂಡಿತ ಮತ್ತೆ ಕೇಳಿದಾಗ, ಆಗ ಸಂಶಯ ಉಳಿಯುವುದಿಲ್ಲವೆಂದು ರಾಜ ಒಪ್ಪಿಕೊಳ್ಳುತ್ತಾನೆ.

ಈ ಸಂವಾದದ ತಿರುಳು ಭಾರತೀಯ ದರ್ಶನಗಳ ಪರಿಭಾಷೆ ತಿಳಿದವರಿಗೆ ಸುಲಭವಾಗಿ ದಕ್ಕುತ್ತದೆ. ಜ್ಞಾನದ ಸಾಧನಗಳನ್ನು ನಮ್ಮ ಶಾಸ್ತ್ರಕಾರರು ‘ಪ್ರಮಾಣ’ಗಳೆಂದು ಕರೆದು, ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ‘ಅನುಮಾನ’ವೆಂದೂ, ನಂಬಿಕೆಗೆ ಅರ್ಹನಾದ ‘ಆಪ್ತ’ನ ಮಾತಿನಿಂದ ತಿಳಿಯುವುದನ್ನು ‘ಶಬ್ದ’ವೆಂದೂ ವಿಂಗಡಿಸಿದರು. ಲೋಕದ ವ್ಯವಸ್ಥೆಯನ್ನು ನೋಡಿ ಅದರ ಕರ್ತೃವನ್ನು ಊಹಿಸುವ ತತ್ತ್ವಜ್ಞಾನಿಯ ಅನುಮಾನಮಾರ್ಗ ದುರ್ಬಲವೆಂದೂ, ಪೂರ್ವಿಕರು ಕಂಡದ್ದನ್ನು ತಲೆಮಾರಿನಿಂದ ತಲೆಮಾರಿಗೆ ಮುರಿಯದೆ ದಾಟಿಸಿದ ಸಾಕ್ಷ್ಯವೇ ಬಲವೆಂದೂ ಹಲೇವಿ ವಾದಿಸಿದ. ನೈಯಾಯಿಕರು ಅನುಮಾನದಿಂದ ಈಶ್ವರನನ್ನು ಸಿದ್ಧಪಡಿಸಲು ಹೊರಟದ್ದನ್ನೂ, ವೇದಾಂತಿಗಳು ಅಂಥ ವಿಷಯದಲ್ಲಿ ಶ್ರುತಿಯೇ ಪ್ರಮಾಣವೆಂದು ಅದನ್ನು ತಡೆದದ್ದನ್ನೂ ಬಲ್ಲ ಓದುಗರಿಗೆ ಈ ಚರ್ಚೆ ಅಪರಿಚಿತವೆನ್ನಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ದೃಷ್ಟಾಂತದ ಸಾಮಗ್ರಿ. ದೂರದೇಶದ ಸರಕು ಮತ್ತು ಅದರೊಡನೆ ಬಂದ ಓಲೆ, ಇವೆರಡೂ ಒಂದನ್ನೊಂದು ಸಮರ್ಥಿಸಿದಾಗ ಕಾಣದ ವ್ಯಕ್ತಿಯ ಮೇಲೆ ವಿಶ್ವಾಸ ಹುಟ್ಟುತ್ತದೆ. ಏಡನ್ನಿನ ಮದ್ಮೂನನಿಗೂ ಮಂಗಳೂರಿನ ಬೆನ್ ಯಿಜುವಿಗೂ ನಡುವೆ ನಡೆಯುತ್ತಿದ್ದ ವ್ಯವಹಾರದ ನೆಲೆ ಇದೇ. ಹಲೇವಿಯ ಮಿತ್ರ ಹಲ್ಫೋನ್ 1130ರ ದಶಕದಲ್ಲಿ ಭಾರತಕ್ಕೆ ಬಂದುಹೋಗಿ, ಅನಂತರ ಸ್ಪೇನಿನಲ್ಲಿ ಹಲೇವಿಯನ್ನು ಕಂಡವನು. ‘ಕುಜಾರಿ’ಯ ರಚನೆಯನ್ನು ಪ್ರಸ್ತಾಪಿಸುವ, ಹಲೇವಿಯ ಕೈಬರಹದ್ದೇ ಆದ ಪತ್ರವೊಂದು ಅವನ ಕಾಗದಗಳ ನಡುವೆ ಸಿಕ್ಕಿದೆ. ಕವಿಯೂ ವೈದ್ಯನೂ ಆಗಿದ್ದ ಹಲೇವಿ 1140ರಲ್ಲಿ ಸ್ಪೇನನ್ನು ತೊರೆದು ಅಲೆಕ್ಸಾಂಡ್ರಿಯಾಕ್ಕೆ ಬಂದಾಗ ಅವನನ್ನು ನೋಡಿಕೊಂಡವರಲ್ಲಿ ಹಲ್ಫೋನನೂ ಒಬ್ಬ. ಮರುವರ್ಷ ಪ್ಯಾಲೆಸ್ಟೈನಿಗೆ ಹಡಗು ಹತ್ತಿದ ಹಲೇವಿ ಅದೇ ಬೇಸಗೆಯಲ್ಲಿ ತೀರಿಕೊಂಡ.

ವಿದ್ಯೆ ಮತ್ತು ಅನ್ನ

ಮೈಮೊನಿಡೀಸ್ 1138ರಲ್ಲಿ ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿದ. ಅಲ್ಮೊಹದ್ ಅರಸರ ಮತಪೀಡನೆಯಿಂದ ಕುಟುಂಬ ಊರು ಬಿಟ್ಟು, ಮೊರಾಕ್ಕೊ ಮತ್ತು ಪ್ಯಾಲೆಸ್ಟೈನನ್ನು ಹಾದು, 1160ರ ದಶಕದಲ್ಲಿ ಕೈರೋ ಪಕ್ಕದ ಫುಸ್ತಾತ್ ಪಟ್ಟಣದಲ್ಲಿ ನೆಲೆಯಾಯಿತು. ಅಣ್ಣ ಓದು-ಬರಹದಲ್ಲಿ ಮುಳುಗಿದ್ದರೆ ತಮ್ಮ ದಾವೀದ್ ರತ್ನವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ. ದಾವೀದ್ ಕೆಂಪು ಸಮುದ್ರದ ಐದಾಬ್ ಬಂದರಿನಿಂದ ಅಣ್ಣನಿಗೆ ಬರೆದ ಪತ್ರ ಇಂದಿಗೂ ಇದೆ. ಮರಳುಗಾಡನ್ನು ಕಷ್ಟಪಟ್ಟು ದಾಟಿ ಬಂದರೂ ಅಲ್ಲಿ ಕೊಳ್ಳಲು ನೀಲಿಯ ಹೊರತು ಏನೂ ಇಲ್ಲವೆಂದೂ, ಆದ್ದರಿಂದ ಭಾರತದವರೆಗೆ ಹೋಗಲು ತೀರ್ಮಾನಿಸಿರುವೆನೆಂದೂ, ಮನೆಯವರು ಹೆದರದಂತೆ ನೋಡಿಕೊಳ್ಳಬೇಕೆಂದೂ ಅದರಲ್ಲಿ ತಿಳಿಸಿದ್ದಾನೆ. ಅವನ ಹಡಗು ಭಾರತದ ಸಮುದ್ರದಲ್ಲಿ ಮುಳುಗಿತು. ಅವನೊಡನೆ ಕುಟುಂಬದ ಹಣವೂ ಇತರರು ನಂಬಿ ಕೊಟ್ಟಿದ್ದ ಹಣವೂ ಹೋದವು. ಆ ಸುದ್ದಿ ಕೇಳಿದ ಮೇಲೆ ಜ್ವರದಿಂದ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದೆನೆಂದು ಮೈಮೊನಿಡೀಸ್ ಎಷ್ಟೋ ವರ್ಷಗಳ ತರುವಾಯ ಬರೆದ ಪತ್ರವೊಂದರಲ್ಲಿ ನೆನೆದಿದ್ದಾನೆ.

ತಮ್ಮನ ಸಾವಿನ ಅನಂತರ ಮೈಮೊನಿಡೀಸ್ ವೈದ್ಯವೃತ್ತಿಯಿಂದ ಸಂಸಾರ ನಡೆಸಿದ. ಶಾಸ್ತ್ರಪಾಂಡಿತ್ಯವನ್ನು ಅನ್ನದ ಸಾಧನವಾಗಿ ಮಾಡಿಕೊಳ್ಳಬಾರದು, ದಾನದ ಮೇಲೆ ಬದುಕುವ ಪಂಡಿತ ತನ್ನ ವಿದ್ಯೆಯ ಗೌರವವನ್ನು ಕಳೆಯುತ್ತಾನೆ ಎಂಬುದು ‘ಮಿಶ್ನೆ ತೋರಾ’ ಎಂಬ ತನ್ನ ಹದಿನಾಲ್ಕು ಭಾಗಗಳ ಧರ್ಮಸಂಹಿತೆಯಲ್ಲಿ ಅವನು ಸಾರಿದ ನಿಯಮ. ಅದನ್ನು ಅವನು ತನ್ನ ಬದುಕಿನಲ್ಲಿ ಪಾಲಿಸಿದ. ‘ಮಾರ್ಗದರ್ಶಿ’ಯನ್ನು ಹೀಬ್ರೂವಿಗೆ ಅನುವಾದಿಸುತ್ತಿದ್ದ ಸ್ಯಾಮ್ಯುಯೆಲ್ ಇಬ್ನ್ ತಿಬ್ಬೋನ್‌ಗೆ 1199ರಲ್ಲಿ ಬರೆದ ಪತ್ರದಲ್ಲಿ ತನ್ನ ದಿನಚರಿಯನ್ನು ಅವನೇ ವರ್ಣಿಸಿದ್ದಾನೆ. ಬೆಳಗಾಗುತ್ತಲೇ ಸುಲ್ತಾನನ ಅರಮನೆಗೆ ಹೊರಟರೆ ಮರಳುವುದು ಮಧ್ಯಾಹ್ನ ಕಳೆದ ಮೇಲೆ. ಹಸಿದು ಬಂದವನಿಗೆ ಪಡಸಾಲೆಯ ತುಂಬ ಯೆಹೂದಿಗಳು, ಅನ್ಯಮತೀಯರು, ನ್ಯಾಯಾಧಿಕಾರಿಗಳು, ಸಾಮಾನ್ಯರು ಕಾದು ಕುಳಿತಿರುವುದು ಕಾಣುತ್ತದೆ. ವಾಹನದಿಂದ ಇಳಿದು, ಕೈ ತೊಳೆದು, ಒಂದಿಷ್ಟು ತಿಂದು ಬರುವವರೆಗೆ ತಾಳಿಕೊಳ್ಳಿರೆಂದು ಅವರನ್ನು ಬೇಡಿಕೊಳ್ಳಬೇಕಾಗುತ್ತದೆ. ಇಡೀ ದಿನಕ್ಕೆ ಅದೊಂದೇ ಊಟ. ಕತ್ತಲಾಗುವ ಹೊತ್ತಿಗೆ ಆಯಾಸದಿಂದ ಮಲಗಿಕೊಂಡೇ ಔಷಧ ಹೇಳುತ್ತಾನೆ, ಕೊನೆಗೆ ಮಾತನಾಡುವ ಶಕ್ತಿಯೂ ಉಳಿಯುವುದಿಲ್ಲ. ಮಧ್ಯಯುಗದ ಮಹಾಗ್ರಂಥಗಳಲ್ಲೊಂದು ಇಂಥ ದಿನಗಳ ಉಳಿಕೆಯ ಹೊತ್ತಿನಲ್ಲಿ, 1190ರ ಸುಮಾರಿಗೆ ಪೂರ್ಣಗೊಂಡಿತು.

ಇದೇ ಶತಮಾನದ ನಡುಗಾಲದಲ್ಲಿ ಕಲ್ಯಾಣದಲ್ಲಿ ಬಸವಣ್ಣ ಮತ್ತು ಅವನ ಸಂಗಡಿಗರು ಕಾಯಕದ ತತ್ತ್ವವನ್ನು, ಅಂದರೆ ಸ್ವಂತ ದುಡಿಮೆಯಿಂದ ಬಂದದ್ದೇ ಶುದ್ಧವೆಂಬ ನಿಲುವನ್ನು, ಕನ್ನಡದಲ್ಲಿ ನೆಲೆಗೊಳಿಸಿದರು. ಈ ಎರಡು ನೆಲೆಗಳ ನಡುವೆ ಸಂಪರ್ಕವಿದ್ದಿತೆನ್ನಲು ಆಧಾರವಿಲ್ಲ. ಜ್ಞಾನಿ ಬೇರೆ, ದುಡಿಯುವವನು ಬೇರೆ ಎಂಬ ವಿಭಜನೆಯನ್ನು ಎರಡೂ ಒಪ್ಪಲಿಲ್ಲವೆಂಬುದು ಮಾತ್ರ ಸ್ಪಷ್ಟ. ದೈವವನ್ನು ಕುರಿತ ಮಾತಿನಲ್ಲಿಯೂ ಹೋಲಿಕೆಯೊಂದು ಕಾಣುತ್ತದೆ. ದೇವರಿಗೆ ಯಾವ ಗುಣವನ್ನೂ ಆರೋಪಿಸಲಾಗದು, ಅವನು ಏನಲ್ಲವೆಂಬುದನ್ನು ಮಾತ್ರ ಹೇಳಬಹುದು ಎಂಬುದು ‘ಮಾರ್ಗದರ್ಶಿ’ಯ ಪ್ರಸಿದ್ಧ ವಾದ. ಉಪನಿಷತ್ತಿನ ನೇತಿಕ್ರಮವನ್ನೂ, ಅಲ್ಲಮಪ್ರಭುವಿನ ಬಯಲಿನ ಪರಿಕಲ್ಪನೆಯನ್ನೂ ಓದಿದವರು ಈ ವಾದವನ್ನು ಬೇಗ ಹಿಡಿಯಬಲ್ಲರು.

ಜೀವನೋಪಾಯದ ಪ್ರಶ್ನೆ ಮುಂದೆ ತತ್ತ್ವಜ್ಞಾನಿ ಸ್ಪಿನೋಜಾನಲ್ಲಿ ಬೇರೆ ರೂಪ ತಾಳಿತು. ಮೈಮೊನಿಡೀಸನನ್ನು ಓದಿ, ಅನೇಕ ಕಡೆ ಅವನನ್ನು ತೀವ್ರವಾಗಿ ವಿರೋಧಿಸಿದ ಸ್ಪಿನೋಜಾ 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯದಿಂದ ಬಹಿಷ್ಕೃತನಾಗಿ, ಮಸೂರಗಳನ್ನು ಉಜ್ಜುವ ಕಸುಬು ಹಿಡಿದ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ತಾನಾಗಿ ಒದಗಿ ಬಂದಾಗ, ವಿಚಾರಸ್ವಾತಂತ್ರ್ಯಕ್ಕೆ ಎಲ್ಲಿ ಮಿತಿ ಬೀಳುವುದೋ ತಿಳಿಯದೆಂಬ ಕಾರಣ ಕೊಟ್ಟು ಅದನ್ನು ನಿರಾಕರಿಸಿದ.

ಕೋಣೆಯಲ್ಲಿ ಉಳಿದ ಕಾಗದಗಳು

ಮಂಗಳೂರಿನ ಪತ್ರಗಳು ಉಳಿದುಬಂದದ್ದಕ್ಕೆ ಒಂದು ಧಾರ್ಮಿಕ ಆಚಾರ ಕಾರಣ. ದೇವರ ಹೆಸರಿರುವ ಬರಹವನ್ನು ಹರಿದೆಸೆಯಬಾರದು, ಸುಡಬಾರದು ಎಂಬ ನಿಯಮದಂತೆ ಯೆಹೂದಿಗಳು ಸವೆದ ಬರಹಗಳನ್ನು ‘ಗೆನಿಜಾ’ ಎಂಬ ಕೋಣೆಯಲ್ಲಿ ಹಾಕಿಡುತ್ತಿದ್ದರು. ಮಾಮೂಲಾಗಿ ಅವನ್ನು ಮುಂದೆ ಮಣ್ಣಿನಲ್ಲಿ ಹೂಳುವುದು ರೂಢಿ. ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾದಲ್ಲಿ ಕಾಗದಗಳು ಶತಮಾನಗಳ ಕಾಲ ಹಾಗೆಯೇ ಉಳಿದವು, ಈಜಿಪ್ಟಿನ ಒಣಹವೆ ಅವನ್ನು ಕಾಪಾಡಿತು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ, ಶಿಥಿಲವಾದ ತಾಳೆಗರಿಯ ಕಟ್ಟುಗಳನ್ನು ಹರಿಯುವ ನೀರಿಗೆ ಬಿಡುವ ನಮ್ಮ ಕಡೆಯ ರೂಢಿಯೂ ಅಕ್ಷರದ ಬಗೆಗಿನ ಇಂಥದೇ ಭಕ್ತಿಯಿಂದ ಬಂದದ್ದು.

ಈ ಪತ್ರಗಳ ಭಾಷೆ ಅರಬೀ, ಲಿಪಿ ಹೀಬ್ರೂ. ತುಳುವನ್ನೂ ಕೊಂಕಣಿಯನ್ನೂ ಸಂಸ್ಕೃತವನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ನಾಡಿನವರಿಗೆ ಇದು ವಿಶೇಷವಾಗಿ ತೋರದು. ಆದರೆ ಓದಲು ಎರಡೂ ಪರಂಪರೆಗಳ ಶಿಕ್ಷಣ ಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧ್ಯಾಪಕ ಸಾಲೊಮನ್ ಶೆಕ್ಟರ್ 1896-97ರ ಚಳಿಗಾಲದಲ್ಲಿ ಕೈರೋಗೆ ಹೋಗಿ ತಂದ ಸಂಗ್ರಹ ಇಂದಿನ ಎಣಿಕೆಯಲ್ಲಿ ಸುಮಾರು 1,93,000 ತುಣುಕುಗಳಷ್ಟಿದೆ. ಆರಂಭದ ಸಂಶೋಧಕರ ಆಸಕ್ತಿ ಧರ್ಮಗ್ರಂಥ ಮತ್ತು ಕಾವ್ಯಗಳ ಕಡೆಗಿದ್ದುದರಿಂದ ವ್ಯಾಪಾರದ ಪತ್ರಗಳು ಬಹುಕಾಲ ಬದಿಗೆ ಬಿದ್ದಿದ್ದವು.

ಆ ಪತ್ರಗಳಿಗೆ ಬದುಕನ್ನು ಮುಡಿಪಿಟ್ಟವನು ಎಸ್.ಡಿ. ಗಾಯ್ಟೈನ್. 1900ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಫ್ರಾಂಕ್‌ಫರ್ಟಿನಲ್ಲಿ ಅರಬೀ ಮತ್ತು ಇಸ್ಲಾಂ ಅಧ್ಯಯನ ಮಾಡಿ, ಇಸ್ಲಾಮಿನ ಪ್ರಾರ್ಥನೆಯನ್ನು ಕುರಿತು ಪ್ರೌಢಪ್ರಬಂಧ ಬರೆದು, 1923ರಲ್ಲಿ ಅವನು ಪ್ಯಾಲೆಸ್ಟೈನಿಗೆ ಹೋದ. ಮೊದಲು ಹೈಫಾದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದು, ಅನಂತರ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿ, 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ, ಕಡೆಗೆ ಪ್ರಿನ್ಸ್‌ಟನ್ನಿಗೆ ಬಂದು ನೆಲೆಸಿದ. ಅರ್ಧ ವಯಸ್ಸು ಕಳೆದ ಮೇಲೆ ಭಾರತದ ವ್ಯಾಪಾರದ ಪತ್ರಗಳನ್ನು ಹುಡುಕಲು ತೊಡಗಿದ ಅವನು ಅವುಗಳ ಹಿನ್ನೆಲೆಯನ್ನು ಮೊದಲು ಅರಿಯಬೇಕೆಂದು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ‘ಮೆಡಿಟರೇನಿಯನ್ ಸಮಾಜ’ ಎಂಬ ಐದು ಸಂಪುಟಗಳ ಗ್ರಂಥವನ್ನು ರಚಿಸಿದ. ಅದರ ಮೊದಲ ಸಂಪುಟ 1967ರಲ್ಲಿಯೂ ಐದನೆಯದು ಅವನು ತೀರಿಕೊಂಡ ಮೂರು ವರ್ಷಗಳ ಬಳಿಕ 1988ರಲ್ಲಿಯೂ ಹೊರಬಂದವು. ಅವನು ಬಿಟ್ಟುಹೋದ ಭಾರತದ ಪತ್ರಗಳ ಕೆಲಸವನ್ನು ಶಿಷ್ಯಪರಂಪರೆಯ ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿ, ನಾನೂರಕ್ಕೂ ಹೆಚ್ಚು ದಾಖಲೆಗಳ ‘ಇಂಡಿಯಾ ಬುಕ್’ ಯೋಜನೆಯ ಮುಖ್ಯ ಸಂಪುಟವನ್ನು 2008ರಲ್ಲಿ ಪ್ರಕಟಿಸಿದ. ಆರಂಭದಿಂದ ಪ್ರಕಟಣೆಯವರೆಗೆ ಐವತ್ತಕ್ಕೂ ಹೆಚ್ಚು ವರ್ಷ. ಸಂಬಳದ ಹುದ್ದೆಯೊಂದು ಒಬ್ಬ ಮನುಷ್ಯನಿಗೆ ಇಂಥ ತಾಳ್ಮೆಯನ್ನು ಒದಗಿಸಿದಾಗ, ಆ ಹುದ್ದೆ ಹಿಂದೆ ದಾವೀದ್ ತನ್ನ ಅಣ್ಣನಿಗಾಗಿ ಹೊತ್ತ ಹೊಣೆಯನ್ನೇ ಹೊರುತ್ತದೆ.

ಮೈಸೂರಿನ ಪೀಠ, ಶಿರಾ ಸೀಮೆಯ ಕಲ್ಲು

ಕರ್ನಾಟಕದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪನ ಸಂಬಳದ ವೃತ್ತಿಯಾಗಿ ಗಟ್ಟಿಯಾದದ್ದು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ. ಎ.ಆರ್. ವಾಡಿಯಾ ದೀರ್ಘಕಾಲ ಅಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು, ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಓರಿಯೆಂಟಲ್ ಲೈಬ್ರರಿಯ ಕೆಲಸದಿಂದ ಮೊದಲುಗೊಂಡು ಸಂಸ್ಕೃತ ಪ್ರಾಧ್ಯಾಪಕರಾಗಿ 1927ರಲ್ಲಿ ನಿವೃತ್ತರಾದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತ ತಮ್ಮ ಪ್ರಸಿದ್ಧ ಇಂಗ್ಲಿಷ್ ಗ್ರಂಥವನ್ನು 1932ರಲ್ಲಿ ಹೊರತಂದರು. ಅದೇ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯೊಂದರಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದರು. ಭಾರತೀಯ ವಿಶ್ವವಿದ್ಯಾಲಯಗಳ ಪಠ್ಯದಲ್ಲಿ ಡೇಕಾರ್ಟ್ ಮತ್ತು ಲೈಬ್ನಿಟ್ಸ್‌ರ ನಡುವೆ ಸ್ಪಿನೋಜಾ ಬರುತ್ತಾನೆ. ಅವನ ಬೆನ್ನಿಗಿದ್ದ ಮೈಮೊನಿಡೀಸ್ ಮತ್ತು ಹಲೇವಿಯರನ್ನೂ ಕನ್ನಡದ ವಿದ್ಯಾರ್ಥಿ ಓದಬೇಕು, ಏಕೆಂದರೆ ಪ್ರಮಾಣವಿಚಾರದಲ್ಲಿ ಪಳಗಿದವನು ಆ ಗ್ರಂಥಗಳಿಗೆ ಹೊರಗಿನವನಾಗಿ ಹೋಗುವುದಿಲ್ಲ.

ಬರಹದ ಚೂರನ್ನು ಓದುವ ಈ ವೃತ್ತಿ ಬಯಲುಸೀಮೆಗೂ ಬಂದಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಮುದ್ರಿಸಿತು, ಶಿರಾ, ಪಾವಗಡ, ಕೊರಟಗೆರೆ ಮತ್ತು ಆಗಿನ ಮದ್ದಗಿರಿಯಾದ ಮಧುಗಿರಿಯ ಹೊಲಗಳಲ್ಲಿ, ಕೆರೆ ಏರಿಗಳ ಮೇಲೆ, ಗುಡಿಗಳ ಮುಂದೆ ನಿಂತ ಕಲ್ಲುಗಳು ಅದರಿಂದ ವಿದ್ವತ್‌ಲೋಕಕ್ಕೆ ಪರಿಚಯವಾದವು. ಬೆನ್ ಯಿಜುವಿನ ಶತಮಾನದಲ್ಲಿ ಪಾವಗಡದ ನಿಡುಗಲ್ಲು ಬೆಟ್ಟದಿಂದ ಆಳಿದ ಇರುಂಗೋಳ ಚೋಳರ ಸಂಗತಿ ಗೊತ್ತಾಗುವುದು ಇಂಥ ಶಾಸನಗಳಿಂದ. ಬರೆದವನೂ ಕಡೆದವನೂ ಮರೆಯಾಗಿ, ಬರಹವೊಂದೇ ಉಳಿದಿರುವ ಸನ್ನಿವೇಶ ಅಲ್ಲಿಯದೂ ಹೌದು.

ಮಂಗಳೂರಿನ ಪತ್ರಗಳಲ್ಲಿನ ಒಂದು ಹೆಸರಿನ ಇತಿಹಾಸದಿಂದ ಈ ವೃತ್ತಿಯ ಸ್ವರೂಪ ಸ್ಪಷ್ಟವಾಗುತ್ತದೆ. ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಸರಕು ಒಯ್ದು ಹಣ ತರುತ್ತಿದ್ದ ಸೇವಕನೊಬ್ಬನಿದ್ದ. ಏಡನ್ನಿನ ವರ್ತಕರು ಪತ್ರದ ಕೊನೆಯಲ್ಲಿ ಅವನಿಗೂ ವಂದನೆ ತಿಳಿಸುತ್ತಿದ್ದರು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಅವನ ಹೆಸರು ಬ, ಮ, ಹ ಎಂಬ ಮೂರು ವ್ಯಂಜನಗಳಾಗಿ ಉಳಿದಿದೆ. ಗಾಯ್ಟೈನ್ ಅದನ್ನು ‘ಬಾಮ’ ಎಂದು ಓದಿ, ಬ್ರಹ್ಮ ಎಂಬುದರ ಆಡುರೂಪವಿರಬೇಕೆಂದು ತಿಳಿದ. ಮುಂದೆ ಈ ಸೇವಕನ ಜಾಡು ಹಿಡಿದು ಹೊರಟ ಲೇಖಕ ಅಮಿತಾವ್ ಘೋಷ್ ಮಂಗಳೂರು ವಿಶ್ವವಿದ್ಯಾಲಯದ ವಿದ್ವಾಂಸ ಬಿ.ಎ. ವಿವೇಕ ರೈ ಅವರನ್ನು ವಿಚಾರಿಸಿದಾಗ, ಅದು ತುಳುನಾಡಿನಲ್ಲಿ ಬಳಕೆಯಲ್ಲಿದ್ದ ‘ಬೊಮ್ಮ’ ಎಂಬ ಹೆಸರೆಂದು ತಿಳಿಯಿತು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಗ್ರಂಥದಲ್ಲಿ ಆ ಸೇವಕ ಬೊಮ್ಮನೆಂಬ ತನ್ನ ಹೆಸರಿನಿಂದಲೇ ಬರುತ್ತಾನೆ.

ಬ್ರಹ್ಮ ಎಂಬುದರ ತದ್ಭವ ಬೊಮ್ಮ ಎಂಬುದು ಕನ್ನಡ ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಬೊಮ್ಮಣ್ಣ, ಬೊಮ್ಮರಸ ಎಂಬ ಹೆಸರುಗಳು ಶಾಸನಗಳಲ್ಲಿ ಹೇರಳವಾಗಿವೆ, ಬೊಮ್ಮನಹಳ್ಳಿ ಎಂಬ ಊರುಗಳು ನಾಡಿನ ಅನೇಕ ತಾಲೂಕುಗಳಲ್ಲಿವೆ. ಗುರುಗುಂಡ ಬ್ರಹ್ಮೇಶ್ವರಸ್ವಾಮಿಯ ಮಠವಿರುವ ಶಿರಾ ತಾಲೂಕಿನ ಪಟ್ಟನಾಯಕನಹಳ್ಳಿಯಂಥ ಊರಿನಲ್ಲಿ ಬೆಳೆದವರಿಗೆ ಈ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಪತ್ರಗಳಲ್ಲಿನ ಮೂರು ಅಕ್ಷರಗಳನ್ನು ಕಾಣಿಸಿಕೊಡಲು ಅರಬೀ, ಹೀಬ್ರೂ ಎರಡನ್ನೂ ಬಲ್ಲ ಗಾಯ್ಟೈನನ ಕಣ್ಣು ಬೇಕಾಯಿತು. ಆ ಅಕ್ಷರಗಳಿಗೆ ಸ್ವರ ತುಂಬಲು ತುಳು-ಕನ್ನಡ ಬಲ್ಲ ಕಿವಿ ಬೇಕಾಯಿತು. ಒಬ್ಬ ಆಪ್ತನ ಮಾತನ್ನು ಇನ್ನೊಬ್ಬ ಆಪ್ತನ ಮಾತು ಪೂರ್ಣಗೊಳಿಸಿದಾಗ, ಎಂಟು ನೂರು ವರ್ಷಗಳ ಹಿಂದೆ ಏಡನ್ನಿನ ವರ್ತಕರು ಬೊಮ್ಮನಿಗೆ ಹೇಳಿ ಕಳುಹಿಸಿದ ವಂದನೆ ಅವನ ಹೆಸರಿಗೆ ಬಂದು ಮುಟ್ಟಿತು.